ಗ್ರಾನ್‌ಶೇರ್ ಹೆಸರು ಹಿಡಿದಿಟ್ಟವನು

ನಮ್ಮ ಗ್ರಾನ್‌ಶೇರ್ ದ್ವೀಪದ ಹೆಸರನ್ನು ಯಾರೋ ಕದ್ದಿದ್ದಾರೆಂದು ಅಕ್ಕ ಗುರ್ಲಿ ಹೇಳಿದಾಗ ನನಗೆ ನಗು ಬಂದಿತ್ತು.

ಗ್ರಾನ್‌ಶೇರ್‌ನ ಒಂದೇ ಒಂದು ಅಂಗಡಿ ಅವಳದು. ಊರ ಸಂಘದ ಅಧ್ಯಕ್ಷೆಯೂ ಅವಳೇ. ಬೇಸಗೆಯ ಅತಿಥಿಗಳು ಕಡಿಮೆಯಾದರೆ ದೋಣಿ ಸಂಚಾರವೂ ಕಡಿಮೆಯಾಗುತ್ತದೆಂಬ ಸುದ್ದಿ ಹಬ್ಬಿತ್ತು. ಅದಕ್ಕೇ ಊರಿನದೊಂದು ವೆಬ್‌ಸೈಟ್ ಮಾಡಲು ಹೊರಟಿದ್ದಳು. "ವಿಳಾಸದ ಕೊನೇಲಿ ಫಿನ್‌ಲೆಂಡಿನ ಡಾಟ್ ಎಫ್‌ಐ ಬಾಲ ಬೇಡ. ನಮ್ಮ ಓಲಾಂಡ್ ದ್ವೀಪಗಳಿಗೆ ಅಂತಾನೇ ಡಾಟ್ ಎಎಕ್ಸ್ ಇದೆ, ಅದೇ ಇರ್ಲಿ" ಎಂದಿದ್ದಳು. ನೋಡಿದರೆ, ಊರಿನ ಹೆಸರಿಗೆ ಆ ಬಾಲ ಸೇರಿಸಿದ ವಿಳಾಸ ಆಗಲೇ ಯಾರದೋ ಪಾಲಾಗಿತ್ತು. ಯಾರದೆಂದು ತೋರಿಸುತ್ತಿರಲಿಲ್ಲ. ತೆರೆದರೆ ಬರೀ ಬಿಳಿ ಪುಟ.

"ಇನ್ಯಾರು? ಅದೇ ಆಹ್ತಿ" ಎಂದ ದೋಣಿಯಲ್ಲಿ ಕೆಲಸ ಮಾಡುವ ರೂರಿಕ್. "ಈ ಊರಲ್ಲಿ ಕಂಪ್ಯೂಟರ್ ಬಿಚ್ಚಿ ಜೋಡ್ಸೋನು ಅವನೊಬ್ಬನೇ ತಾನೇ?"

ಆಹ್ತಿ ಫಿನ್‌ಲೆಂಡಿನ ಒಳನಾಡಿನಿಂದ ಬಂದು ನೆಲೆಸಿದವನು. ದೋಣಿಯ ಇಂಜಿನ್ ರಿಪೇರಿ ಮಾಡುತ್ತಿದ್ದ. ಓಲಾಂಡ್ ಫಿನ್‌ಲೆಂಡಿಗೇ ಸೇರಿದ್ದರೂ ನಾವಾಡುವುದು ಸ್ವೀಡಿಷ್; ಅದು ಅವನ ಬಾಯಲ್ಲಿ ಕುಂಟುತ್ತಿತ್ತು. ರೂರಿಕ್ ಹಾಗೆಂದ ಮೇಲೆ ಎಲ್ಲರಿಗೂ ಒಂದೊಂದು ನೆನಪಾಯಿತು: ಅವನು ದಡದುದ್ದಕ್ಕೂ ಫೋಟೋ ತೆಗೆಯುತ್ತಾನೆ, ಮುದುಕರ ಹತ್ತಿರ ಬಂಡೆಗಳ ಹೆಸರು ಕೇಳುತ್ತಾನೆ. ಇದೆಲ್ಲ ಯಾಕೆ? ಜನ ಇಂಜಿನ್‌ಗಳನ್ನು ಪಕ್ಕದ ದ್ವೀಪಕ್ಕೆ ಸಾಗಿಸತೊಡಗಿದರು. ಅವನು ಅಂಗಡಿಗೆ ಬಂದರೆ ಗುರ್ಲಿ ತಲೆ ಎತ್ತದೆ, "ಕಪ್ಪು ಬ್ರೆಡ್ ಮುಗೀತು" ಎನ್ನುತ್ತಿದ್ದಳು. ಬ್ರೆಡ್ಡು ಅವಳ ಬೆನ್ನ ಹಿಂದೆಯೇ ಇರುತ್ತಿತ್ತು. ನಾನೂ ಅದನ್ನು ತೆಗೆದುಕೊಡುತ್ತಿರಲಿಲ್ಲ.

ಕೊನೆಗೊಂದು ಭಾನುವಾರ ಅಕ್ಕನಿಗೆ ತಡೆಯಲಾಗಲಿಲ್ಲ. ನನ್ನನ್ನೂ ಎಳೆದುಕೊಂಡು ಗುಡ್ಡದ ಮೇಲಿನ ಅವನ ಮನೆಗೆ ನಡೆದಳು. ಆಹ್ತಿ ಅಂಗಳದಲ್ಲಿ ಮೀನಿಗೆ ಹೊಗೆ ಹಾಕುತ್ತಿದ್ದ.

"ಊರಿನ ಹೆಸರು ನಿಮ್ಮ ಹತ್ರ ಇದೆಯಾ?"

"ಇದೆ" ಎಂದ.

ಅಷ್ಟು ನೇರ ಉತ್ತರ ಬಂದೀತೆಂದು ಅಕ್ಕ ಎಣಿಸಿರಲಿಲ್ಲ. "ಯಾರಿಗೆ ಮಾರೋಕೆ ಇಟ್ಕೊಂಡಿದ್ದೀರಿ?"

"ಮಾರೋಕಲ್ಲ." ಕೈ ಒರೆಸಿಕೊಂಡು ಫೋನ್ ತೆಗೆದು, ಪಕ್ಕದ ದ್ವೀಪದ ಹೆಸರಿನ ತಾಣ ತೋರಿಸಿದ. ಯಾವುದೋ ಕಂಪನಿ ಅಲ್ಲಿ ರಜೆಯ ಮನೆಗಳನ್ನು ಮಾರಾಟಕ್ಕಿಟ್ಟಿತ್ತು. ಆ ದ್ವೀಪದವರಿಗೆ ತಮ್ಮ ಹೆಸರು ತಮ್ಮದಾಗಿ ಉಳಿದಿರಲಿಲ್ಲ. "ಇವರು ಒಂದೊಂದೇ ಹೆಸರು ಬಾಚ್ತಾ ಇದ್ರು. ನಮ್ಮದಾದ್ರೂ ಉಳೀಲಿ ಅಂತ ತಗೊಂಡೆ. ಫೋಟೋ, ಬಂಡೆಗಳ ಹೆಸರು ಕೂಡಿಸಿದ್ದೂ ಊರಿನ ಪುಟಕ್ಕೆ ಅಂತಲೇ."

"ಹಾಗಿದ್ರೆ ಬಾಯಿ ಬಿಟ್ಟು ಹೇಳ್ಬಾರ್ದಿತ್ತಾ?"

"ಹೇಳೋಕೇ ಅಂಗಡಿಗೆ ಬಂದಿದ್ದೆ. ನಾನು ಬಾಯಿ ತೆಗೆಯೋ ಮೊದ್ಲೇ ನೀವು ಬ್ರೆಡ್ ಮುಗೀತು ಅಂದ್ರಿ. ಮೂರು ಸಲ ಬಂದೆ. ಆಮೇಲೆ ನಂಗೂ ಸಿಟ್ಟು ಬಂತು."

ಅಕ್ಕನ ಕಿವಿ ಕೆಂಪಾಯಿತು. ಅವನು ಅಲ್ಲೇ ಕುಳಿತು ಪಾಸ್‌ವರ್ಡ್ ಹೇಳಿಕೊಟ್ಟು ಎಲ್ಲವನ್ನೂ ಅವಳಿಗೆ ಒಪ್ಪಿಸಿದ. ಒಂದು ಹೊಗೆಮೀನನ್ನೂ ಕಟ್ಟಿಕೊಟ್ಟ.

ದಾರಿಯಲ್ಲಿ ಅವಳು ಗೊಣಗಿದಳು: "ಇಷ್ಟು ಸಲೀಸಾಗಿ ಕೊಟ್ಬಿಟ್ನಲ್ಲ ಕಣೇ. ಇದ್ರಲ್ಲಿ ಏನೋ ಇದೆ."

"ಏನಿರತ್ತೆ? ಮೀನಿದೆ" ಎಂದೆ. ಅವಳು ನಗಲಿಲ್ಲ.

ಮನೆಗೆ ಬಂದವಳೇ ಕೋಟು ಕೂಡ ತೆಗೆಯದೆ ಪಾಸ್‌ವರ್ಡ್ ಬದಲಾಯಿಸಿದಳು. ಅವನು ಗುಟ್ಟಾಗಿ ಏನಾದರೂ ಬಿಟ್ಟಿದ್ದಾನೋ ಎಂದು ಮೂಲೆಮೂಲೆ ಹುಡುಕಿದಳು. ಏನೂ ಸಿಗಲಿಲ್ಲ. ಸಿಗಲಿಲ್ಲವೆಂದೇ ಅವಳಿಗೆ ಇನ್ನಷ್ಟು ಕಸಿವಿಸಿ.

ಆ ವಾರವೆಲ್ಲ ಅವಳು ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. "ಪಾಸ್‌ವರ್ಡ್ ಬದಲಾಯಿಸಿದ್ಯಾ? ಅವನನ್ನ ನಂಬಬೇಡ" ಎಂದು ರೂರಿಕ್ ಅಂಗಡಿಯಲ್ಲಿ ಕೇಳಿದಾಗ, "ಅವತ್ತೇ ಬದಲಾಯಿಸಿದೆ" ಎಂದಳು. ಹೇಳಿದವಳು ತನ್ನ ಮಾತು ತನಗೇ ರುಚಿಸದವಳಂತೆ ನಿಂತಳು. ಆಮೇಲೆ ಅಂಗಡಿಯನ್ನು ನನಗೆ ಒಪ್ಪಿಸಿ, ಗುಡ್ಡದ ಹಾದಿ ಹಿಡಿದು ಹೊಸ ಪಾಸ್‌ವರ್ಡನ್ನು ಆಹ್ತಿಗೆ ಹೇಳಿ ಬರಲು ಹೋದಳು.