ಹಿಮ್ಮುಖ ನಡಿಗೆಯ ಮೇಸ್ತ್ರಿ

ನಮ್ಮ ಮೇಸ್ತ್ರಿಗಳು ಯಾವ ಮನೆಯೊಳಗೂ ಎದುರುಮುಖವಾಗಿ ಕಾಲಿಟ್ಟದ್ದನ್ನು ನಾನು ಬಹುಕಾಲ ಕಂಡಿರಲಿಲ್ಲ. ಮನೆ ಬದಲಿಸುವವರ ಸಾಮಾನನ್ನು ಕಟ್ಟಿ, ಲಾರಿಗೇರಿಸಿ, ಇನ್ನೊಂದು ಮನೆಯಲ್ಲಿ ಇಳಿಸಿಕೊಡುವುದು ಅವರ ಕಸುಬು. ಬೀರುವಿರಲಿ, ಮಂಚವಿರಲಿ, ಅದರ ಮುಂದಿನ ತುದಿಯನ್ನು ಹಿಡಿದು, ಬೆನ್ನನ್ನೇ ಮುಂದೆ ಮಾಡಿಕೊಂಡು, ಹಿಮ್ಮಡಿಯಿಂದ ನೆಲವನ್ನು ತಡವುತ್ತ ಮೆಟ್ಟಿಲು ದಾಟುವ ಕಷ್ಟದ ಪಾಲು ಯಾವತ್ತೂ ಅವರದೇ. ಒಂದು ಆಯುಷ್ಯವನ್ನೇ ಹೀಗೆ ಕಳೆದ ಮೇಲೆ ಆ ನಡಿಗೆ ಮೈಗೂಡಿಬಿಟ್ಟು, ಕೈ ಖಾಲಿಯಿದ್ದಾಗಲೂ ಬಾಗಿಲ ಬಳಿ ಬಂದೊಡನೆ ಅವರ ಶರೀರ ತಾನಾಗಿಯೇ ತಿರುಗುತ್ತಿತ್ತು. ಒಮ್ಮೆ ಡಾಕ್ಟರ ಕೋಣೆಗೂ ಹಾಗೇ ಹೋದರಂತೆ. ಡಾಕ್ಟರು ಪಾಪ, ಬೆನ್ನನ್ನೇ ತೋರಿಸುತ್ತಿದ್ದಾರೆಂದು ತಿಳಿದು ಅಲ್ಲಿ ಇಲ್ಲಿ ಒತ್ತಿ ನೋಡಿದರು. ಮೇಸ್ತ್ರಿಗಳು ಹೋದದ್ದು ಹಲ್ಲುನೋವಿಗೆ.

ಅವರ ಕೋಟನ್ನು ನೋಡಿದರೂ ಸಾಕು, ಮನುಷ್ಯನ ಅರ್ಧ ಚರಿತ್ರೆ ತಿಳಿಯುತ್ತದೆ. ಬೂದುಬಣ್ಣದ ಆ ದಪ್ಪ ಕೋಟು ಎದೆಯ ಕಡೆ ನಿನ್ನೆಮೊನ್ನೆ ಹೊಲಿಸಿದಂತಿದೆ. ಬೆನ್ನಿನ ಕಡೆ ಮಾತ್ರ ಊರಿನ ಗೋಡೆಗಳಿಗೆಲ್ಲ ಉಜ್ಜಿ ಉಜ್ಜಿ, ಸುಣ್ಣ ಹಿಡಿದು, ತೇಪೆಯ ಮೇಲೆ ತೇಪೆ ಕೂತಿದೆ. ಇದ್ದೊಬ್ಬ ಮಗಳು ತನ್ನ ಮದುವೆಗೆಂದು ಅಪ್ಪನಿಗೆ ಹೊಸ ಕೋಟು ತಂದುಕೊಟ್ಟಳು. ಅದನ್ನು ಮಡಿಸಿ ಎತ್ತಿಟ್ಟು, ಮದುವೆಗೆ ಹಳೆಯದನ್ನೇ ತೊಟ್ಟು ಬಂದರು. ಕೇಳಿದ್ದಕ್ಕೆ, "ಎದುರಿಂದ ನೋಡೋರಿಗೆ ಇದೂ ಹೊಸದೇ ಸಾರ್" ಎಂದು, ಇಡೀ ಸಮಾರಂಭದಲ್ಲಿ ಯಾರಿಗೂ ಬೆನ್ನು ತೋರಿಸದೆ ಗೋಡೆಗೆ ಒರಗಿಕೊಂಡೇ ನಿಂತಿದ್ದರು.

ಅವರ ಬಾಯಲ್ಲಿ ಹೊತ್ತುಗೊತ್ತಿಲ್ಲದೆ ಬರುತ್ತಿದ್ದ ಮಾತು ಒಂದೇ: "ನಂಗೊತ್ತು ಬಿಡಿ." ಕೆಲಸಕ್ಕೆಂದು ದೇಶದೇಶಾಂತರಗಳಿಂದ ಜನ ಬಂದು, ಕೆಲಕಾಲವಿದ್ದು, ಮತ್ತೆಲ್ಲಿಗೋ ಹೊರಟುಹೋಗುವ ಊರು ನಮ್ಮದು. ಬಂದವರ ಮಾತು ನಮಗೆ ತಿಳಿಯದು, ನಮ್ಮದು ಅವರಿಗೆ ತಿಳಿಯದು. ಆದರೆ ಅವರ ಮಂಚದಡಿಯ ಧೂಳನ್ನೂ ಅಟ್ಟದ ಮೇಲಿನ ಗಂಟನ್ನೂ ಕಂಡವರು ಮೇಸ್ತ್ರಿಗಳೊಬ್ಬರೇ. ಯಾವ ಮನೆಯಲ್ಲಿ ಚಪ್ಪಲಿಯನ್ನು ಬೇರೆಯೇ ಕಟ್ಟಬೇಕು, ಯಾವ ಮನೆಯಲ್ಲಿ ಕನ್ನಡಿಯ ಮುಖವನ್ನು ಒಳಗೆ ಮಾಡಿ ಸುತ್ತಬೇಕು, ಯಾವ ಮನೆಯಲ್ಲಿ ಕೊಟ್ಟ ತಿಂಡಿಯನ್ನು ಬೇಡವೆಂದರೆ ಮುಖ ಸಪ್ಪಗಾಗುತ್ತದೆ ಎಂಬುದನ್ನೆಲ್ಲ ಅವರು ಕಣ್ಣಿಂದಲೇ ಕಲಿತಿದ್ದರು. ಒಂದು ಸಂಸಾರದವರು ಬೀಗದ ಕೈಯನ್ನು ಇವರ ಕೈಗಿಟ್ಟು ಹೊರಗೆ ಹೋಗಿಬಿಟ್ಟಾಗ, ಎಂಥ ಜನ, ಒಂದು ಮಾತಿಗೂ ನಿಲ್ಲಲಿಲ್ಲವಲ್ಲ ಎಂದು ಇವರಿಗೆ ಮೈಯುರಿಯಿತಂತೆ. ಅರ್ಧ ಸಾಮಾನು ಕಟ್ಟುವಷ್ಟರಲ್ಲಿ, ಮನೆಯನ್ನೇ ನಂಬಿ ಬಿಟ್ಟುಹೋಗಿದ್ದಾರೆ, ಇದಕ್ಕಿಂತ ಮರ್ಯಾದೆ ಇನ್ನೇನು ಬೇಕು ಎಂದು ಹೊಳೆದು, ಆ ದಿನ ಕಸವನ್ನೂ ತಾವೇ ಗುಡಿಸಿ ಬಂದರು. ಅದನ್ನು ಹೇಳುವಾಗಲೆಲ್ಲ ಅವರ ಕಣ್ಣು ಹೊಳೆಯುತ್ತಿತ್ತು, ನನಗೂ ಕೇಳಿ ಸಂತೋಷವಾಗುತ್ತಿತ್ತು.

ತೊಡಕಿದ್ದದ್ದು ಮುಂದಿನ ಹೆಜ್ಜೆಯಲ್ಲಿ. ಒಂದು ಮನೆಯಲ್ಲಿ ಕಂಡದ್ದನ್ನು ಅವರು ಇಡೀ ದೇಶಕ್ಕೆ ಹೊದಿಸಿಬಿಡುತ್ತಿದ್ದರು. ಸಾಮಾನು ತುಂಬಿದ ಲಾರಿ ಹೊರಡುವಾಗ ಬೆನ್ನು ತಿರುಗಿಸಿ ನಿಂತ ಒಬ್ಬ ಅಜ್ಜಿಯನ್ನು ಎಂದೋ ಕಂಡಿದ್ದರು. ಅದಾಗಿ ಬಹಳ ದಿನಕ್ಕೆ ಅದೇ ದೇಶದ ಇನ್ನೊಂದು ಸಂಸಾರದ ಸಾಮಾನು ಸಾಗಿಸುವ ಕೆಲಸ ಬಂದಾಗ, ಗಂಡ ಹೆಂಡತಿ ಮಕ್ಕಳು ಎಲ್ಲರನ್ನೂ ಸಾಲಾಗಿ ಗೋಡೆಗೆ ಮುಖಮಾಡಿಸಿ ನಿಲ್ಲಿಸಿ, ತಾವು ಗಂಭೀರವಾಗಿ ಲಾರಿ ಹತ್ತಿದರು. ಆ ಯಜಮಾನರು ನನ್ನ ಕಚೇರಿಯವರು. ಮಾರನೆಯ ದಿನ ನನ್ನ ಬಳಿ ಬಂದು, ಲಾರಿ ಹೊರಡುವಾಗ ಗೋಡೆ ನೋಡಬೇಕೆಂಬುದು ನಿಮ್ಮ ಊರಿನ ಕಾನೂನೇ ಎಂದು ಬಹಳ ವಿನಯದಿಂದ ವಿಚಾರಿಸಿದರು. ನನಗೆ ನಗು ತಡೆಯಲಾಗಲಿಲ್ಲ. ಮೇಸ್ತ್ರಿಗಳಿಗೆ ಹೇಳಿದರೆ ಅವರೇನೂ ಅಲುಗಾಡಲಿಲ್ಲ. ಹೊರಗಿನವರ ಮುಂದೆ ತಮ್ಮ ಪದ್ಧತಿಯನ್ನು ಒಪ್ಪಿಕೊಳ್ಳಲು ಅವರಿಗೆ ಸಂಕೋಚ ಇರುತ್ತದೆ, ನಂಗೊತ್ತು ಬಿಡಿ ಎಂದು ನನ್ನನ್ನೇ ಸಮಾಧಾನಪಡಿಸಿದರು.

ಇಂಥ ಸರ್ವಜ್ಞರಿಗೆ ಬೇರೆ ದೇಶದ ಅಳಿಯನೇ ಸಿಕ್ಕ. ಮಗಳು ತನ್ನ ಜೊತೆ ಕೆಲಸಮಾಡುತ್ತಿದ್ದವನನ್ನು ಮೆಚ್ಚಿ ಮದುವೆಯಾದಳು. ಮೇಸ್ತ್ರಿಗಳು ಎದುರಾಡಲಿಲ್ಲ, ಅವನ ಸಾಮಾನನ್ನು ತಾವೇ ಸಾಗಿಸಿದ್ದರಾದ್ದರಿಂದ ಹುಡುಗ ಒಳ್ಳೆಯವನೆಂದು ಅವರಿಗೆ ಮೊದಲೇ ಗೊತ್ತಿತ್ತಂತೆ. ನಮ್ಮ ಮೇಲಿನ ಮನೆ ಖಾಲಿಯಾದ ಸುದ್ದಿ ನಾನೇ ಕೊಟ್ಟೆ, ಮಗಳೂ ಅಳಿಯನೂ ಅಲ್ಲಿಗೆ ಬಂದರು. ಹಡಗಿನಲ್ಲಿ ಸಾಮಾನು ಕಳಿಸಿ ಹುಡುಗನ ತಾಯಿಯೂ ಬರುವುದೆಂದಾಯಿತು. ಆಕೆಯ ಯಜಮಾನರು ತೀರಿಕೊಂಡಿದ್ದರು. ತಮ್ಮ ಊರಲ್ಲಿ ದೊಡ್ಡ ಲಾಂಡ್ರಿಯೊಂದನ್ನು ನಡೆಸಿದ ಹೆಂಗಸು. ತೋಳು ಗಟ್ಟಿ, ಮಾತು ಕಡಿಮೆ, ನಮ್ಮ ಭಾಷೆಯಲ್ಲಿ ನಮಸ್ಕಾರದಾಚೆಗೆ ಒಂದಕ್ಷರ ಬಾರದು. ಮನಸ್ಸಿಗೆ ಒಗ್ಗಿದರೆ ಇರುತ್ತೇನೆ, ಒಗ್ಗದಿದ್ದರೆ ಹಿಂದಿರುಗುತ್ತೇನೆ ಎಂದು ಆಕೆ ಮಗನಿಗೆ ಮೊದಲೇ ಹೇಳಿದ್ದರು. ಮಗನೋ ಒಬ್ಬನೇ, ತಾಯಿಯನ್ನು ಅಲ್ಲಿ ಒಂಟಿಯಾಗಿ ಬಿಡುವವನಲ್ಲ. ಆಕೆ ಹೊರಟರೆ ಮಗ ಹೊರಟ, ಮಗ ಹೊರಟರೆ ಮೇಸ್ತ್ರಿಗಳ ಮಗಳೂ ಹೊರಟಂತೆಯೇ. ಊರಿನ ಅರ್ಧ ಜನರನ್ನು ಲಾರಿಯಲ್ಲಿ ಕೂರಿಸಿ ಕಳಿಸಿಕೊಟ್ಟವರಿಗೆ ಈ ಒಂದು ಹೊರಡುವಿಕೆಯನ್ನು ನೆನೆಯಲೂ ಆಗುತ್ತಿರಲಿಲ್ಲ. "ಬೀಗಿತ್ತಿ ಇಲ್ಲೇ ನೆಲೆ ನಿಲ್ಲೋ ಹಾಗೆ ಮಾಡ್ಬೇಕು ಸಾರ್" ಎಂದು ನನ್ನ ಬಳಿ ಹೇಳಿಕೊಂಡಾಗ, ಅವರ ದನಿ ಇಳಿದದ್ದನ್ನು ಮೊದಲ ಬಾರಿಗೆ ಕೇಳಿದೆ.

ಬೀಗಿತ್ತಿಯೂ ಅವರ ಸಾಮಾನೂ ಬಂದ ದಿನ ಮೇಸ್ತ್ರಿಗಳು ಬೇರೆ ಎಲ್ಲ ಕೆಲಸವನ್ನೂ ಬಿಟ್ಟು ಬೆಳಗ್ಗೆಯೇ ಹಾಜರಾದರು. ಬೀಗಿತ್ತಿಯ ದೇಶದವರೊಬ್ಬರ ಮನೆಯನ್ನು ಹಿಂದೊಮ್ಮೆ ಸಾಗಿಸಿದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಆ ಮನೆಯ ಹೆಂಗಸು ಅಡುಗೆಮನೆಯ ಸಾಮಾನನ್ನು ಯಾರಿಗೂ ಮುಟ್ಟಗೊಡದೆ, ಒಂದೊಂದನ್ನೂ ತಾನೇ ಒಳಗೆ ಒಯ್ದಿದ್ದಳು. ಅಷ್ಟು ಸಾಕಲ್ಲ ಅವರಿಗೆ! ಪಾತ್ರೆಯ ಪೆಟ್ಟಿಗೆಗಳನ್ನೂ, ಪಾತ್ರೆ ಜೋಡಿಸುವ ಭಾರಿ ಮರದ ಬೀರುವನ್ನೂ ಬಾಗಿಲ ಹೊರಗಿನ ಜಾಗದಲ್ಲಿ ಇಳಿಸಿ, ಮೇಲೆ ಒಗೆದ ಬಟ್ಟೆ ಹೊದಿಸಿ, ಇದನ್ನು ಯಾರೂ ಮುಟ್ಟಕೂಡದೆಂದು ಜೊತೆಯವರಿಗೆ ತಾಕೀತು ಮಾಡಿದರು. ಮಿಕ್ಕದ್ದೆಲ್ಲ ಒಳಗೆ ಹೋಗಿ ಅಚ್ಚುಕಟ್ಟಾಗಿ ಕೂತಿತು. ಬೀಗಿತ್ತಿ ಹೊರಗಿನ ಪೆಟ್ಟಿಗೆಗಳನ್ನು ನೋಡಿದರು, ಇವರನ್ನು ನೋಡಿದರು, ತಲೆಬಾಗಿಸಿ ಮುಗುಳ್ನಕ್ಕರು. ಮೇಸ್ತ್ರಿಗಳು ಮೆಟ್ಟಿಲಿಳಿಯುತ್ತ ನನ್ನ ಕಿವಿಯಲ್ಲಿ, ನೋಡಿದಿರಾ ಎಷ್ಟು ಸಂತೋಷವಾಯಿತು ಎಂದು ಪಿಸುಗುಟ್ಟಿದರು.

ಆ ಪೆಟ್ಟಿಗೆಗಳು ಆ ಸಂಜೆ ಒಳಗೆ ಹೋಗಲಿಲ್ಲ, ಮರುದಿನವೂ ಹೋಗಲಿಲ್ಲ. ತಾರಸಿಗೆ ಬಟ್ಟೆ ಒಣಹಾಕಲು ಹೋಗುವಾಗಲೆಲ್ಲ ನಾನು ಅವುಗಳ ಪಕ್ಕದಲ್ಲೇ ಮೈ ಸಣ್ಣಗೆ ಮಾಡಿಕೊಂಡು ದಾಟುತ್ತಿದ್ದೆ. ವಿಚಿತ್ರವೆಂದರೆ, ಆ ಮನೆಯಲ್ಲಿ ಯಾರಿಗೂ ಯಾರ ಮೇಲೂ ಮುನಿಸಿರಲಿಲ್ಲ. ಅತ್ತೆ ಒಳ್ಳೆಯ ಗಳಿಗೆ ಕಾಯುತ್ತಿದ್ದಾರೇನೋ ಎಂದು ಸೊಸೆ ಸುಮ್ಮನಿದ್ದಳು. ಮಗ ಎತ್ತಲು ಹೋದರೆ ತಾಯಿಯೇ, ಬೇಡ, ನಿನ್ನ ಮಾವನವರು ಇಟ್ಟ ಜಾಗದಿಂದ ಕದಲಿಸಬೇಡ ಎಂದು ತಡೆದರಂತೆ. ಎಲ್ಲರೂ ಎಲ್ಲರಿಗೂ ಮರ್ಯಾದೆ ಕೊಟ್ಟು ಕೊಟ್ಟು, ಪಾತ್ರೆಗಳು ಮಾತ್ರ ಬಾಗಿಲಾಚೆ ಕೂತಿದ್ದವು.

ಒಂದು ಮಧ್ಯಾಹ್ನ, ಬಚ್ಚಲುಮನೆಯಲ್ಲಿ ನೀರಿನ ಸದ್ದು ಕೇಳಿ ಸೊಸೆ ಇಣುಕಿದಳು. ಅತ್ತೆ ಕುಕ್ಕರುಗಾಲಲ್ಲಿ ಕೂತು ತಾವುಂಡ ತಟ್ಟೆಯನ್ನು ಅಲ್ಲಿ ತೊಳೆಯುತ್ತಿದ್ದರು. ಬಂದಾಗಿನಿಂದ ಅವರು ಅಡುಗೆಮನೆಗೆ ಕಾಲಿಟ್ಟಿರಲಿಲ್ಲವೆಂಬುದು ಆಗ ಇವಳಿಗೆ ಹೊಳೆಯಿತು. ಗಂಡನನ್ನು ಕರೆಸಿ, ಕೂರಿಸಿ, ಕೇಳಿಸಿದಾಗ ಮಾತು ಹೊರಬಿತ್ತು. ಹೊರಗಿನಿಂದ ಬಂದವಳ ಪಾತ್ರೆ ಒಳಗೆ ಬರಬಾರದೆಂಬುದು ಇಲ್ಲಿಯ ರೀತಿಯಿರಬೇಕು, ನಿಮ್ಮ ಮನೆಯ ರೀತಿಯನ್ನು ಕೆಡಿಸಲು ನನಗೆ ಇಷ್ಟವಿಲ್ಲ. ಆದರೆ ನನ್ನ ಸೌಟಿಗೆ ಜಾಗವಿಲ್ಲದ ಮನೆಯಲ್ಲಿ ನಾನು ಹೇಗೆ ಬಾಳಲಿ, ನನ್ನನ್ನು ಕಳಿಸಿಬಿಡು ಎಂದು ಆಕೆ ಮಗನ ಮುಂದೆ ಅತ್ತರಂತೆ.

ಮಗಳು ದಡದಡನೆ ಮೆಟ್ಟಿಲಿಳಿದು ಬಂದಳು. ಮೇಸ್ತ್ರಿಗಳು ನನ್ನ ಮನೆಯಲ್ಲೇ ಕೂತು, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಬೆಣೆ ಹೊಡೆಯುತ್ತಿದ್ದರು. ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ, ಅವಳು ಕೇಳಿದಳು:

"ಅಪ್ಪಾ, ನೀನು ಅವರನ್ನ ಒಂದ್ಮಾತು ಕೇಳಿದ್ಯಾ?"

"ಕೇಳೋದೇನಮ್ಮ, ಅವರ ಕಡೆಯವರು ಪಾತ್ರೆ ಮುಟ್ಟೋಕೆ..."

"ಅವರ ಕಡೆಯವರನ್ನ ಬಿಡಪ್ಪ. ಅವರನ್ನ ಕೇಳಿದ್ಯಾ?"

ಮೇಸ್ತ್ರಿಗಳ ಕೈಯ ಸುತ್ತಿಗೆ ನಿಂತಿತು. ಅವಳು ಹೊರಟುಹೋದ ಮೇಲೂ ಅವರು ಮೇಜಿನ ಕಾಲನ್ನು ಹಿಡಿದುಕೊಂಡೇ ಕೂತಿದ್ದರು. ನನಗೆ ಹೇಳಿದರೋ ತಮಗೇ ಹೇಳಿಕೊಂಡರೋ, "ಆ ಹಿಂದಿನ ಹೆಂಗಸು ಯಾಕೆ ಮುಟ್ಟೋಕೆ ಬಿಡ್ಲಿಲ್ಲ ಅಂತ್ಲೂ ಆವಾಗ ನಾನು ಕೇಳಿರ್ಲಿಲ್ಲ ಸಾರ್" ಎಂದರು. ಯಾರೋ ಹಿಂದೊಮ್ಮೆ ಅವಳ ಪಾತ್ರೆ ಒಡೆದು ಹಾಕಿದ್ದಿರಬಹುದು, ಅಷ್ಟೇ ಇರಬಹುದು. ಮೇಸ್ತ್ರಿಗಳ ಮುಖದ ಮೇಲೆ ಅಂಥ ಗಾಬರಿಯನ್ನು ನಾನು ಕಂಡಿರಲಿಲ್ಲ, ನನಗೂ ಸಂಕಟವಾಯಿತು.

ನನ್ನನ್ನೂ ಜೊತೆಗೆ ಬರಹೇಳಿ ಮೇಲೆ ಹೋದರು. ಬಾಗಿಲ ಮುಂದೆ ಅವರ ಶರೀರ ಅಭ್ಯಾಸದಂತೆ ಅರ್ಧ ತಿರುಗಿತು. ಅವರು ಅದನ್ನು ತಡೆದು, ಎದುರುಮುಖವಾಗಿ ನಿಂತರು. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಕೋಟಿನ ಗುಂಡಿಯನ್ನು ತಿರುವುತ್ತಿದ್ದರು. ಬೀಗಿತ್ತಿ ಬಾಗಿಲು ತೆರೆದರು. ಅವರ ಹಿಂದೆ ನಿಂತ ಮಗಳು ತುಟಿ ಬಿಗಿದುಕೊಂಡಿದ್ದಳು, ಅಪ್ಪನ ಸಹಾಯಕ್ಕೆ ಬರುವ ಲಕ್ಷಣ ಕಾಣಲಿಲ್ಲ.

ಮೇಸ್ತ್ರಿಗಳು ಪೆಟ್ಟಿಗೆಗಳನ್ನು ತೋರಿಸಿದರು, ಒಳಗಿನ ಅಡುಗೆಮನೆಯನ್ನು ತೋರಿಸಿದರು, ಆಮೇಲೆ ಎರಡೂ ಅಂಗೈ ಬಿಚ್ಚಿ ಹಿಡಿದು ಹೇಳಿದರು:

"ಅಕ್ಕಾ, ನಂಗೊತ್ತಿಲ್ಲ. ನೀವೇ ಹೇಳಿ, ಹೇಗ್ ಮಾಡ್ಲಿ?"

ಮಾತು ಆಕೆಗೆ ತಿಳಿಯಲಿಲ್ಲ. ಆದರೆ ಆ ಮುಖದಲ್ಲಿ ತಿಳಿಯದಿರುವಂಥದ್ದು ಏನೂ ಇರಲಿಲ್ಲ. ಆಕೆ ತೋಳಿನಲ್ಲೇ ಕಣ್ಣೊರೆಸಿಕೊಂಡು, ನೇರ ಹೊರಗೆ ಬಂದು, ಬೀರುವಿನ ಮೇಲಿನ ಬಟ್ಟೆಯನ್ನು ಎಳೆದುಹಾಕಿ, ಅದರ ಒಂದು ತುದಿಗೆ ಕೈಹಚ್ಚಿಯೇಬಿಟ್ಟರು. ಮಗ ಓಡಿಬಂದರೆ ಕಣ್ಣಲ್ಲೇ ಆಚೆ ನಿಲ್ಲಿಸಿದರು. ಇನ್ನೊಂದು ತುದಿ ಮೇಸ್ತ್ರಿಗಳದು, ಹಿಮ್ಮುಖದ ತುದಿ.

ಆ ಮನೆಯ ಒಳಹಾದಿ ಇಕ್ಕಟ್ಟು. ನಡುವೆ ಒಂದು ಮೆಟ್ಟಿಲು ತಗ್ಗು, ಆಮೇಲೆ ತಿರುವು. ಮೇಸ್ತ್ರಿಗಳಿಗೆ ಅದು ಕಣ್ಣುಕಟ್ಟಿ ಬಿಟ್ಟರೂ ಗೊತ್ತಿದ್ದ ದಾರಿ. ಅವರು ಎತ್ತಿದ ಭಾರವನ್ನು ಹಿಡಿದು ಬಾಗಿಲೊಳಗೆ ಬೆನ್ನು ತೂರಿಸಿ, ಅಲ್ಲೇ ನಿಂತುಬಿಟ್ಟರು. ಎದುರಿಗಿದ್ದ ಆಕೆಯನ್ನು ನೋಡಿ, "ಬರ್ಲಾ ಅಕ್ಕಾ?" ಎಂದರು. ಆಕೆ ತಮ್ಮ ಭಾಷೆಯಲ್ಲಿ ಏನೋ ಒಂದು ಸಣ್ಣ ಮಾತು ಹೇಳಿ ತಲೆ ಆಡಿಸಿದರು. ಇವರು ಒಂದು ಹೆಜ್ಜೆ ಹಿಂದಿಟ್ಟರು. ತಗ್ಗಿನ ಮೆಟ್ಟಿಲು ಬಂದಾಗ ಆಕೆಯ ದನಿ ಬದಲಾಯಿತು, ಇವರು ನಿಂತರು. ಇವರು ಮತ್ತೆ ಕೇಳಿದರು, ಆಕೆ ಮತ್ತೆ ಹೇಳಿದರು. ಗೊತ್ತಿದ್ದ ದಾರಿಯನ್ನೆಲ್ಲ ಕೇಳಿ ಕೇಳಿಯೇ ನಡೆದು, ಬೀರು ಅಡುಗೆಮನೆಯ ಗೋಡೆಗೆ ಕೂತಾಗ ಇಬ್ಬರಿಗೂ ಏದುಸಿರು, ಇಬ್ಬರಿಗೂ ನಗು. ಮಗಳು ಬಂದು ಅಪ್ಪನ ಕೋಟಿನ ಬೆನ್ನಿಗೆ ಹತ್ತಿದ ಸುಣ್ಣವನ್ನು ಕೈಯಿಂದ ಒರೆಸತೊಡಗಿದಳು. ಮಾರನೆಯ ಬೆಳಗ್ಗೆ ನಮ್ಮ ತಲೆಯ ಮೇಲಿನ ಅಡುಗೆಮನೆಯಲ್ಲಿ ಪಾತ್ರೆಯೊಂದು ಢಣಾರನೆ ಬಿದ್ದ ಸದ್ದಾಯಿತು. ಬೀಗಿತ್ತಿ ಉಳಿದರು, ಮಗಳೂ ಉಳಿದಳು.

ಮೇಸ್ತ್ರಿಗಳಂಥವರು ಎಲ್ಲ ಊರಿನಲ್ಲೂ ಇರುತ್ತಾರೆ. ಪರರನ್ನು ಕಂಡರೆ ಬಾಗಿಲು ಹಾಕಿಕೊಳ್ಳುವ ಜನರ ನಡುವೆ, ಬಾ ಎಂದು ಎದ್ದು ಹೋಗಿ ಭಾರಕ್ಕೆ ಹೆಗಲು ಕೊಡುವ ಜೀವಗಳು ಅವು. ಆದರೆ ಅವರ ಅಕ್ಕರೆ ಅವರ ತಿಳಿವಳಿಕೆಗಿಂತ ಒಂದು ಹೆಜ್ಜೆ ಮುಂದೆ ಓಡುತ್ತದೆ. ಕಂಡ ಒಂದು ಮನೆ ಕಾಣದ ಸಾವಿರ ಮನೆಗಳಿಗೆ ಅಡ್ಡ ನಿಲ್ಲುತ್ತದೆ. ದ್ವೇಷಿಸುವವರನ್ನು ದೂರವಿಡಬಹುದು, ಇಂಥವರನ್ನು ದೂರವಿಡುವುದು ಹೇಗೆ? ಅವರು ನೋಯಿಸುವುದೂ ಪ್ರೀತಿಯಿಂದಲೇ. ಒಳ್ಳೆಯ ಮಾತೆಂದರೆ, ಒಮ್ಮೆ ಎಡವಿದರೆ ನಿಂತು ಕೇಳುವ ಧೈರ್ಯವೂ ಅವರಿಗೇ ಇರುತ್ತದೆ, ಏಕೆಂದರೆ ಅವರಿಗೆ ತಮ್ಮ ಜಾಣತನಕ್ಕಿಂತ ಎದುರಿಗಿದ್ದವರೇ ಹೆಚ್ಚು ಬೇಕು. ಮೊನ್ನೆ ನಾನು ಮತ್ತೆ ಮನೆ ಬದಲಿಸಿದೆ. ಪುಸ್ತಕದ ಕಪಾಟನ್ನು ಹೇಗೆ ಕಟ್ಟಬೇಕೆಂದು ಹೇಳಲು ಬಾಯಿ ತೆರೆದೆ. ಮೇಸ್ತ್ರಿಗಳು ಕೈಯೆತ್ತಿ, "ನಂಗೊತ್ತು ಬಿಡಿ" ಎಂದರು. ಆಮೇಲೆ ಹಗ್ಗವನ್ನು ಕೆಳಗಿಟ್ಟು, ನನ್ನ ಕಡೆ ತಿರುಗಿ ಕೂತು, "ಆದ್ರೂ ನೀವೇ ಹೇಳಿ" ಎಂದರು.