ಕುದುರೆಗೆ ಗೊತ್ತಿದ್ದ ಮಾತು

ಓಡುವುದೇನೋ ಆ ಹೆಣ್ಣುಕುದುರೆಗೆ ನೀರು ಕುಡಿದಷ್ಟು ಸುಲಭ. ನಿಂತು ಸುಧಾರಿಸಿಕೊಳ್ಳುವುದೇ ಅದರ ಪಾಲಿನ ಯಮಯಾತನೆ. ದೂರದೋಟದ ಪಂದ್ಯದಲ್ಲಿ ಸುತ್ತು ಮುಗಿದಾಗಲೆಲ್ಲ ಪಶುವೈದ್ಯರು ಕುದುರೆಯ ಎದೆಬಡಿತ ನೋಡುತ್ತಾರೆ. ಕೊಟ್ಟ ಹೊತ್ತಿನೊಳಗೆ ಅದು ನಿಮಿಷಕ್ಕೆ ಅರವತ್ನಾಲ್ಕಕ್ಕೆ ಇಳಿಯದಿದ್ದರೆ, ಎಲ್ಲರಿಗಿಂತ ಮೊದಲು ಬಂದವರಾದರೂ ಗಂಟುಮೂಟೆ ಕಟ್ಟಬೇಕು. ಮಹಾರಾಣಿ ಎಂದು ಜನ ಗೇಲಿ ಮಾಡುವ ಈ ಕುದುರೆ ಎರಡು ಸಲ ಹಾಗೆ ಹೊರಬಿದ್ದಿತ್ತು.

ಲಾಯ, ಕುದುರೆ ಎರಡೂ ಸವಾರಿ ಮಾಡುವವಳ ಸೋದರಮಾವನವು. "ಈ ಸಲಾನೂ ಹಿಂಗೇ ಆದ್ರೆ ಮಾರ್ಬಿಡ್ತೀನಿ, ಆಮೇಲೆ ಅಳ್ಬೇಡ" ಎಂದು ಅವನು ಕಡ್ಡಿ ಮುರಿದ ಹಾಗೆ ಹೇಳಿದ್ದ. ಅವನ ಅಕ್ಕನ ಮಗಳಾದ ಅವಳಿಗೆ ಅಂದಿನಿಂದ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ತಾಯಿಯಿಲ್ಲದ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದವಳು ಅವಳೇ.

ಅವಳು ಮಾಡದ ಉಪಾಯವಿಲ್ಲ. ಇವತ್ತಿನ ಪಂದ್ಯದಲ್ಲಿ ತಪಾಸಣೆಯ ಗೇಟು ಕಾಣುತ್ತಲೇ ಕೆಳಗಿಳಿದು ಕುದುರೆಯನ್ನು ನಡೆಸಿಕೊಂಡು ಬಂದಳು. ಅವಳ ಗಂಡ ಜೀನು ಬಿಚ್ಚಿ, ಕುತ್ತಿಗೆಗೆ, ಎದೆಗೆ ತಣ್ಣೀರು ಸುರಿದ. ಮೈಮೇಲೆ ನಿಂತ ನೀರು ಬಿಸಿಯಾಗುವ ಮುಂಚೆಯೇ ಅದನ್ನು ಬಳಿದುಹಾಕಿ ಮತ್ತೆ ಸುರಿದ. ಅವಳು ಕುದುರೆಯ ಕಿವಿಯ ಹತ್ತಿರ ಬಾಯಿಟ್ಟು, ಎಂದಿನಂತೆ "ಆಯ್ತು ಕಂದ, ಆಯ್ತು" ಎಂದು ಸಮಾಧಾನ ಮಾಡುತ್ತಿದ್ದಳು. ಓಟ ಮುಗಿಯಿತು, ಇನ್ನು ಹೆದರಬೇಡ ಎಂದು ಅದರ ಅರ್ಥ.

ಗಂಡ ಕುದುರೆಯ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳುತ್ತಿದ್ದ. "ಇಳೀತಾ ಇದೆ... ಇಳೀತಾ ಇದೆ..."

"ಆಯ್ತು, ಆಯ್ತು..."

"ಅಯ್ಯೋ, ಮತ್ತೆ ಏರ್ತು! ಏ, ಈಗೇನಂದೆ ನೀನು?"

"ಆಯ್ತು ಅಂದೆ ಕಣ್ರೀ, ಇನ್ನೇನು?"

ಗಂಡನ ಮುಖ ಬಿಳಿಚಿಕೊಂಡಿತು. "ಬಾಯ್ಮುಚ್ಚು ಮಾರಾಯ್ತಿ! ದಿನಾ ಬೆಳಗ್ಗೆ ಜೀನು ಬಿಗಿದು, ಹತ್ತೋ ಮುಂಚೆ ಏನಂತೀಯ?"

ಜೀನಿನ ಪಟ್ಟಿ ಬಿಗಿದು "ಆಯ್ತು" ಎಂದೇ ಅವಳು ಹತ್ತುವುದು. ಎಲ್ಲ ಸಿದ್ಧ, ಹೊರಡೋಣ ಎಂದು. ಆ ಬಡಪಾಯಿಗೆ ಗೊತ್ತಿದ್ದ ಮಾತು ಅದೊಂದೇ. ಮುಗಿಯಿತು ಎಂದು ಇವಳು ಮುದ್ದು ಮಾಡಿದಾಗಲೆಲ್ಲ, ದಣಿದ ಪ್ರಾಣಿ ಇನ್ನೊಂದು ಓಟಕ್ಕೆ ಸಜ್ಜಾಗುತ್ತಿತ್ತು.

ಅವಳು ದೂರ ಸರಿದು ನಿಂತಳು. ಎದೆಬಡಿತ ತಾನಾಗಿಯೇ ಇಳಿಯಿತು. ಡಾಕ್ಟರು ಗಡಿಯಾರ ನೋಡಿ ತಲೆಯಾಡಿಸಿದರು. "ಈಗ ಐವತ್ತೆಂಟು. ಏನ್ಮಾಡ್ಲಮ್ಮ, ಹೊತ್ತು ಮೀರ್ಹೋಯ್ತು."

ಮಾವ ಲಾರಿಯ ಹತ್ತಿರ ಕಾಯುತ್ತಿದ್ದ. ಅವಳು ಎದ್ದೆನೋ ಬಿದ್ದೆನೋ ಎಂದು ಓಡಿಹೋಗಿ ಅಂಗಲಾಚಿದಳು. "ಅದರದ್ದೇನೂ ತಪ್ಪಿಲ್ಲ ಮಾವ, ಎಲ್ಲ ನಂದೇ. ನನ್ ದನಿ ಕೇಳಿದ್ರೇ ಅದರ ಎದೆ ಹೊಡ್ಕೊಳ್ಳುತ್ತೆ. ದಯವಿಟ್ಟು ಮಾರ್ಬೇಡಿ."

"ನೀನು ದೂರ ಹೋದ್ಮೇಲೆ ಇಳೀತಾ?"

"ಕೂಡ್ಲೇ ಇಳೀತು."

ಮಾವ ಕೆಟ್ಟವನಲ್ಲ. ಗಡ್ಡ ಕೆರೆದುಕೊಂಡು ಯೋಚಿಸಿದ. "ಹಂಗಾದ್ರೆ ಮಾರಲ್ಲ ಬಿಡು." ಅವಳಿಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಗಂಡ ಕುದುರೆಯನ್ನು ತಂದು ಲಾರಿಯ ಪಕ್ಕ ಕಟ್ಟಿದ.

"ನಾಳೆಯಿಂದ ನನ್ ಮಗ ಹತ್ಲಿ" ಎಂದ ಮಾವ. "ನೀನು ಲಾಯದ ಕಡೆ ಬರ್ಬೇಡಮ್ಮ. ನಿನ್ ದನಿ ಮರೀಬೇಕಲ್ಲ ಅದು."

"ಒಂದು ಮಾತು ಬದಲಾಯಿಸಿದ್ರೆ ಸಾಕಲ್ವಾ ಮಾವ?" ಎಂದು ಗಂಡ ಅಡ್ಡ ಬಂದ.

"ಮೂರು ಸಲ ನೋಡಿದ್ದು ಸಾಕು."

ಹಾಗೆ ಮಾಡ್ಬೇಡಿ ಮಾವ ಎಂದು ಚೀರಬೇಕೆನಿಸಿತು ಅವಳಿಗೆ. ಕುದುರೆ ಎರಡೂ ಕಿವಿ ಇವಳತ್ತ ತಿರುಗಿಸಿ ನಿಂತಿತ್ತು. ಅದಕ್ಕೆಲ್ಲಿ ಕೇಳಿಸಿಬಿಡುತ್ತದೋ ಎಂದು ಹೆದರಿ, ಅವಳು ತುಟಿ ಕಚ್ಚಿಕೊಂಡು ಸುಮ್ಮನೆ ನಿಂತಳು.