ಖಾಲಿ ತಂತಿಯ ಉತ್ತರ

ಅತ್ತೆಯ ಹಳೆಯ ಕಂಪ್ಯೂಟರಿಗೆ ಗಡಿಯಾರ ಕೂರಿಸಿದವಳು ಸೊಸೆ. ಕರೆಂಟು ತೆಗೆದರೆ ದಿನ, ಹೊತ್ತು ಎಲ್ಲ ಮರೆಯುತ್ತಿದ್ದ ಯಂತ್ರ ಅದು. ಬ್ಯಾಟರಿಯ ಜೊತೆ ಗಡಿಯಾರದ ಚಿಪ್ ಜೋಡಿಸಿ, ಅದು ಇದೆಯೋ ಇಲ್ಲವೋ ಮೊದಲು ಪತ್ತೆಹಚ್ಚಿ, ಆಮೇಲೆ ಹೊತ್ತು ತುಂಬುವ ಪ್ರೋಗ್ರಾಂ ಬರೆದಿದ್ದಳು. ಯಂತ್ರ ಹಳೆಯ ಕಂಪ್ಯೂಟರುಗಳ ಪ್ರದರ್ಶನಕ್ಕೆ ಹೋಗುವುದಿತ್ತು. ಅಲ್ಲಿ ಅದರ ಪಕ್ಕದ ಫಲಕದ ಮೇಲೆ ಅತ್ತೆಯ ಹೆಸರಿನ ಜೊತೆ ತನ್ನದೂ ಬರಬೇಕೆಂಬುದು ಅವಳ ಹಟ. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ಅವಳ ಕೈಕೆಲಸ ಯಾವುದಕ್ಕೂ ಅವಳ ಹೆಸರು ಅಂಟಿರಲಿಲ್ಲ.

ಪ್ರದರ್ಶನದ ಕಾರ್ಯದರ್ಶಿ ನೋಡಲು ಬಂದರು.

"ನಡೆಸಿ ತೋರಿಸಮ್ಮ," ಅಂದರು ಅತ್ತೆ, ಜೇನಿನಲ್ಲಿ ಮುಳ್ಳು ಅದ್ದಿದ ಹಾಗೆ.

'ಗಡಿಯಾರ ಇದೆ' ಎಂದಿತು ಪರದೆ.

ಅತ್ತೆ ಮುಷ್ಟಿ ಬಿಚ್ಚಿದರು. ಗಡಿಯಾರದ ಚಿಪ್ ಕಾಲು ಮೇಲೆ ಮಾಡಿಕೊಂಡು ಸತ್ತ ಜಿರಳೆಯಂತೆ ಅಂಗೈಯಲ್ಲಿ ಬಿದ್ದಿತ್ತು.

"ಇದು ಇಲ್ಲಿದೆ. ಅಲ್ಲಿ ಯಾವುದಿದೆಯಮ್ಮಾ?"

ಸೊಸೆಯ ಕಿವಿ ಬಿಸಿಯಾದವು. ಅವಳ ಪ್ರೋಗ್ರಾಂ ಚಿಪ್‌ಗೊಂದು ಅಂಕಿ ಬರೆದು ಆ ಕ್ಷಣವೇ ಓದುತ್ತಿತ್ತು. ಅದೇ ಅಂಕಿ ಬಂದರೆ ಗಡಿಯಾರ ಇದೆಯೆಂದು ನಂಬುತ್ತಿತ್ತು.

"ಹಾಳುಬಾವಿಗೆ ಕೂಗಿದ್ರೂ ಕೂಗು ವಾಪಸ್ ಬರುತ್ತೆ ಕಣೇ. ಬರೆದ ಅಂಕಿ ಖಾಲಿ ತಂತಿ ಮೇಲೂ ಒಂದು ಗಳಿಗೆ ಉಳಿದಿರುತ್ತೆ."

"ನಿಮಗೆ ಯಾವಾಗ ಗೊತ್ತಾಯ್ತು?"

"ನೀನು ಆ ಸಾಲು ಬರೆದ ದಿನವೇ."

"ಹೇಳಬಹುದಿತ್ತಲ್ಲ?"

"ನಾನು ಕಲಿಯೋವಾಗ ನನಗ್ಯಾರು ಹೇಳಿದ್ರು? ಸುತ್ತ ನಿಂತು ನಕ್ಕಿದ್ರು, ಅಷ್ಟೇ."

"ಅದಕ್ಕೇ ನಗೋಕೆ ಇವರನ್ನ ಕರೆಸಿದ್ರಾ?"

ಕಾರ್ಯದರ್ಶಿ ಚಹಾದ ಲೋಟದೊಳಗೆ ಇಣುಕತೊಡಗಿದರು.

ತಾನು ಅಳುವುದಕ್ಕೇ ಅತ್ತೆ ಕಾಯುತ್ತಿದ್ದಾರೆಂದು ಸೊಸೆಗೆ ಗೊತ್ತಿತ್ತು. ಕೀಲಿಮಣೆ ಎಳೆದುಕೊಂಡು ಸಾಲು ತಿದ್ದಿದಳು: ಚಿಪ್‌ನ ನೆನಪಿನ ಒಂದು ಮನೆಗೆ ಒಂದು ಅಂಕಿ, ಪಕ್ಕದ ಮನೆಗೆ ಬೇರೆ ಅಂಕಿ, ಆಮೇಲೆ ಮೊದಲನೆಯದನ್ನು ಓದುವುದು. ತಂತಿಗೆ ನೆನಪಿರುವುದು ಕೊನೆಯ ಮಾತು ಮಾತ್ರ.

'ಗಡಿಯಾರ ಇಲ್ಲ' ಎಂದಿತು ಈಗ ಪರದೆ.

ಅವಳು ಕೈ ಚಾಚಿದಳು. ಅತ್ತೆ ಚಿಪ್ ಅನ್ನು ಕೈಗಿಡದೆ ಮೇಜಿನ ಮೇಲೆ ಒಗೆದರು. ಯಂತ್ರ ಆರಿಸಿ, ಸೊಟ್ಟಗಾದ ಕಾಲುಗಳನ್ನು ಉಗುರಿನಿಂದ ನೆಟ್ಟಗೆ ಮಾಡಿ ಕೂರಿಸಿ, ಮತ್ತೆ ಹಚ್ಚಿದಳು. 'ಗಡಿಯಾರ ಇದೆ.' ಕೈಗಡಿಯಾರ ನೋಡಿ ಹೊತ್ತು ತುಂಬಿದಳು.

"ಎರಡು ನಿಮಿಷ ಹಿಂದಿದೆ," ಅಂದರು ಅತ್ತೆ.

"ನೀವೇ ತಿದ್ದಿ."

"ನಾನ್ಯಾಕೆ ಮುಟ್ಲಿ? ಬರೆದೋಳು ನೀನು. ನಾಳೆ ಜನರ ಮುಂದೆ ಕೆಟ್ಟರೆ ಉಗಿಸಿಕೊಳ್ಳೋಳೂ ನೀನೇ."

ಕಾರ್ಯದರ್ಶಿ ತಲೆಯೆತ್ತಿದರು. "ಹಾಗಾದ್ರೆ ಫಲಕಕ್ಕೆ ಎರಡೂ ಹೆಸರು?"

ಅತ್ತೆಯ ದವಡೆ ಬಿಗಿಯಿತು. 'ಬರೆದೋಳು ನೀನು' ಎಂದ ಮಾತನ್ನು ಹೊರಗಿನವರ ಎದುರು ನುಂಗುವಂತಿರಲಿಲ್ಲ.

"ಹೌದು," ಅಂದಳು ಸೊಸೆ.

"ಅವಳದು ಸಣ್ಣಕ್ಷರದಲ್ಲಿ," ಅಂದರು ಅತ್ತೆ.